ಬಸಂತರಾಯರ ಹರಿದ ಟೇಪು

ಹೊಲ ಹೋಗಿ ಪ್ಲಾಟಾದ ನಾಲತವಾಡದ ನಮ್ಮ ಹೊಸ ಓಣಿಯಲ್ಲಿ ಕೋಳಿಗಿಂತ ಮೊದಲು ಏಳುವವರು ನಿವೃತ್ತ ಮೋಜಣಿದಾರ ಬಸಂತರಾಯರು. ಕೈಯಲ್ಲಿ ಅರಿವೆಯ ಅಳತೆ ಟೇಪು, ಬಾಯಲ್ಲಿ ‘ಇದು ಪ್ಲಾಟ್ ಐತ್ರಿ, ಹೊಲ ಅಲ್ಲ!’ ಯಾರ ಹೀರೆಬಳ್ಳಿ ಬೇಲಿ ದಾಟಿತು, ಯಾರ ಸಗಣಿ ಕುಳ್ಳು ರಸ್ತೆಗೆ ಬಂತು ಎಂದು ಅಳೆಯುತ್ತಲೇ ಅವರಿಗೆ ಬೆಳಗಾಗುತ್ತದೆ. ಟೇಪಿನ ಮೊದಲ ಒಂದು ಫೂಟು ಎಂದೋ ಹರಿದುಹೋಗಿದೆ. ಅದಕ್ಕೇ ಅಳೆದಾಗಲೆಲ್ಲ ‘ಒಂದ್ ಫೂಟ್ ಕಳೀರಿ’ ಎಂದು ತಾವೇ ಕೂಗುತ್ತಾರೆ. ಬೀಗರ ಹಿತ್ತಿಲು ಅಳೆದಾಗಲೂ ಮರೆತವರಲ್ಲ. ರಸ್ತೆಯಿಂದ ಹತ್ತು ಫೂಟಿನೊಳಗೆ ತಿಪ್ಪೆ ಇರಕೂಡದು, ತಿಪ್ಪೆಗೆ ಜಾಗವಿಲ್ಲದವರು ಎಮ್ಮೆ ಕಟ್ಟಕೂಡದು ಎಂದು ಓಣಿಯ ಪಂಚರ ಠರಾವು. ಮೊನ್ನೆ ಎದುರುಮನೆಯ ಸಾತವ್ವನ ಸರದಿ. ಅವಳು ಎಮ್ಮೆಯ ಹಗ್ಗ ಬಿಚ್ಚಿ ರಾಯರ ಕೈಗೇ ಕೊಟ್ಟಳು: ‘ತಗೋರಿ, ನೀವ ಸಂತಿಗಿ ಹೊಡಕೊಂಡ ಹೋಗ್ರಿ.’ ಎಮ್ಮೆ ಅವರ ಮೊಣಕೈ ನೆಕ್ಕಿತು. ರಸ್ತೆಯಿಂದ ಅವಳ ತಿಪ್ಪೆಯವರೆಗೆ ಹಿಡಿದ ಟೇಪು ಹತ್ತು ತೋರಿಸುತ್ತಿತ್ತು. ರಾಯರು ಕನ್ನಡಕ ಒರೆಸಿಕೊಂಡು, ‘ಹತ್ತು ಫೂಟು, ಬರೋಬ್ಬರಿ ಐತಿ’ ಎಂದು ಟೇಪು ಸುತ್ತಿಕೊಂಡರು. ಕಳೆಯಬೇಕಾದ ಒಂದು ಫೂಟನ್ನು ನಾನೂ ನೆನಪಿಸಲಿಲ್ಲ. ನಮ್ಮ ಹೀರೆಬಳ್ಳಿಗೆ ಅದೇ ತಿಪ್ಪೆಯ ಗೊಬ್ಬರ.