ಸಾರಕ್ಕಿಯನ್ನು ಅಳೆದವನು

ತಿಮ್ಮರಾಯಪ್ಪನವರಿಗೆ ಮೊದಲು ಅನುಮಾನ ಬಂದದ್ದು ವಾಸನೆಯಿಂದ. ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಅವರ ಮನೆ. ಮೇಲಿನ ಮಹಡಿಗೆ ಇಥಿಯೋಪಿಯಾದ ಗಂಡ ಹೆಂಡತಿ ಬಾಡಿಗೆಗೆ ಬಂದು ಒಂದು ವಾರವಾಗಿತ್ತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಏನೋ ಸುಟ್ಟ ವಾಸನೆ, ಅದರ ಹಿಂದೆಯೇ ಸಾಂಬ್ರಾಣಿಯಂಥ ಹೊಗೆ, ಆಮೇಲೆ ಕುಟ್ಟುವ ಸದ್ದು.

"ಮೇಲೆ ಏನೋ ಸುಡ್ತಾ ಅವ್ನೆ," ಎಂದರು ಹೆಂಡತಿಗೆ.

ಮರಿಯಮ್ಮ ಮೆಟ್ಟಿಲು ಹತ್ತಿ ನೋಡಿಕೊಂಡು ಬಂದರು. "ಕಾಫಿ ಬೀಜ ಹುರೀತಾ ಅವ್ನೆ ಕಣ್ರೀ, ಬಾಣಲೀಲಿ. ನಂಗೂ ಒಂದು ಚಿಕ್ಕ ಬಟ್ಲು ಕೊಟ್ಟ. ಹಾಲಿಲ್ಲ ಏನಿಲ್ಲ, ಕಷಾಯ ಇದ್ದಂಗೈತೆ."

"ಗಂಡಸು ಒಂಬತ್ತು ಗಂಟೇಲಿ ಮನೇಲಿ ಕೂತ್ಕೊಂಡು ಕಾಫಿ ಬೀಜ ಹುರೀತಾನಾ?"

ಅವನ ಹೆಸರು ಗಿರ್ಮಾ. ವಯಸ್ಸು ನಲವತ್ತರ ಆಚೀಚೆ, ತೆಳ್ಳಗೆ, ಎತ್ತರ. ಹೆಂಡತಿ ಹಿರುತ್ ಊರಿನ ಇನ್ನೊಂದು ತುದಿಯ ವಿಶ್ವವಿದ್ಯಾಲಯದಲ್ಲಿ ಸಿರಿಧಾನ್ಯಗಳ ಮೇಲೆ ಸಂಶೋಧನೆ ಮಾಡಲು ಬಂದವಳು. ಬೆಳಿಗ್ಗೆ ಏಳೂಕಾಲಿಗೆ ಬಸ್ ಹತ್ತಿದರೆ ಬರುವುದು ಸಂಜೆಯೇ. ಮನೆ ಕೊಡುವಾಗ ತಿಮ್ಮರಾಯಪ್ಪನವರು ಪಾಸ್‌ಪೋರ್ಟಿನ ಮೂರು ಜೆರಾಕ್ಸ್ ತೆಗೆದಿಟ್ಟುಕೊಂಡು, ಸೈಬರ್ ಸೆಂಟರಿನಲ್ಲಿ ಕೂತು, ಪರದೇಶದವರು ಬಾಡಿಗೆಗೆ ಬಂದರೆ ತುಂಬಬೇಕಾದ ಫಾರಂ ತುಂಬಿಸಿದ್ದರು. "ನಿಮ್ದು ಏನ್ ಕೆಲ್ಸ?" ಎಂದು ಗಂಡನನ್ನು ಕೇಳಿದಾಗ ಅವನು ನಕ್ಕು "ನೋ ವರ್ಕ್" ಅಂದಿದ್ದ. ಈಗಿಲ್ಲ, ಮುಂದೆ ಸಿಗುತ್ತದೆ ಎಂಬ ಅರ್ಥ ಇರಬೇಕೆಂದು ಅವರು ಸುಮ್ಮನಾಗಿದ್ದರು.

ಮೂರು ತಿಂಗಳಾದರೂ ಕೆಲಸ ಸಿಕ್ಕ ಹಾಗೆ ಕಾಣಲಿಲ್ಲ. ಆದರೂ ಮೂರನೆಯ ತಿಂಗಳಿಂದ ಗಿರ್ಮಾ ಕೆಲಸಕ್ಕೆ ಹೋಗುವವನ ಹಾಗೆಯೇ ಹತ್ತಕ್ಕೆ ಸರಿಯಾಗಿ ಹೊರಡುತ್ತಿದ್ದ. ತಲೆಗೆ ಟೋಪಿ, ಹೆಗಲಿಗೆ ಬಟ್ಟೆಯ ಚೀಲ. ಎರಡು ಗಂಟೆಗೆ ವಾಪಸ್. ನಾಲ್ಕಕ್ಕೆ ಮತ್ತೆ ಸವಾರಿ. ಭಾನುವಾರ ಮಾತ್ರ ಇಲ್ಲ.

ಒಂದು ದಿನ ಮೂಲೆಯ ಹಾರ್ಡ್‌ವೇರ್ ಅಂಗಡಿಯ ಶಿವರಾಮ್ ಕೈ ಮಾಡಿ ಕರೆದ. "ಅಂಕಲ್, ನಿಮ್ಮ ಮೇಲ್ಮನೆಯವ್ರು ಏನ್ ಕಾಂಟ್ರಾಕ್ಟರಾ?"

"ಯಾಕಪ್ಪಾ?"

"ಮೂವತ್ತು ಮೀಟರ್ ಟೇಪ್ ತಗೊಂಡ್ ಹೋದ್ರು. ಅದೂ ಸಖತ್ ನೋಡಿ ನೋಡಿ, ಮಾರ್ಕಿಂಗ್ ಸರಿಯಾಗಿದ್ಯಾ ಅಂತ ನನ್ನ ಸ್ಕೇಲ್ ಇಟ್ಟು ಚೆಕ್ ಮಾಡಿ."

ತಿಮ್ಮರಾಯಪ್ಪನವರು ನೇರ ಮನೆಗೆ ಬಂದು ಹಿಂದಿನ ಕಾಂಪೌಂಡನ್ನು ನೋಡಿದರು. ಅದಕ್ಕೆ ಕಾರಣವಿತ್ತು. ಅವರ ಮನೆಯ ಬೆನ್ನಿಗೆ ಮಳೆನೀರು ಹೋಗುವ ರಾಜಕಾಲುವೆ ಹರಿಯುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಅದು ಬರೀ ಹಳ್ಳವಾಗಿದ್ದಾಗ ಅವರು ನಾಲ್ಕು ಲೋಡು ಮಣ್ಣು ಹೊಡೆಸಿ, ಕಾಂಪೌಂಡನ್ನು ಎಂಟಡಿ ಮುಂದಕ್ಕೆ ತಳ್ಳಿ, ಎರಡು ಶೀಟಿನ ಕೋಣೆ ಕಟ್ಟಿಸಿದ್ದರು. ಒಂದರಲ್ಲಿ ಹಳೆಯ ಸಾಮಾನು. ಇನ್ನೊಂದರಲ್ಲಿ ಸೌಮ್ಯ ಎನ್ನುವ ಹೆಣ್ಣುಮಗಳು ಬಟ್ಟೆ ಹೊಲಿಯುತ್ತಿದ್ದಳು. ಹೋದ ವರ್ಷ ಮುಂದಿನ ರಸ್ತೆಗೆ ಕಾಲುವೆ ಒತ್ತುವರಿ ಅಳೆಯುವ ಸರ್ವೆಯವರು ಬಂದು ಕೆಂಪು ಗುರುತು ಹಾಕಿ, ಹದಿನೈದೇ ದಿನಕ್ಕೆ ಎರಡು ಕಾಂಪೌಂಡು ಕೆಡವಿದ್ದರು. ಅಂದಿನಿಂದ ಟೇಪು ಹಿಡಿದ ಯಾರನ್ನು ಕಂಡರೂ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಮಾರನೆಯ ದಿನ ಅವರು ಗಿರ್ಮಾನ ಹಿಂದೆ ಹೊರಟರು. ತಮ್ಮ ಹೊಲ ಬಡಾವಣೆಗೆ ಹೋದ ಮೇಲೆ ಅವರಿಗೂ ಹೊತ್ತು ಹೋಗುವ ಕೆಲಸವೇನೂ ಇರಲಿಲ್ಲ. ಗಿರ್ಮಾ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಮ್ಯಾನ್‌ಹೋಲಿನ ಹತ್ತಿರ ನಿಂತು ಬರೆದುಕೊಂಡ. ಒಂದು ಬೇಕರಿಯ ಮುಂದೆ ಬಹಳ ಹೊತ್ತು ನಿಂತು ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಪುಸ್ತಕಕ್ಕಿಳಿಸಿದ. ಹೂವಿನವಳಿಗೆ ಪುಸ್ತಕ ತೋರಿಸಿದ. ಅವಳು ಏನೋ ತಿದ್ದಿ ನಕ್ಕಳು. ಕೆರೆ ಏರಿಯ ಮೇಲೆ ಕುಳಿತು ಅರ್ಧ ಗಂಟೆ ಗೆರೆ ಎಳೆದ. ಹೊರಡುವಾಗ ಹಿಂತಿರುಗಿ ನೇರವಾಗಿ ತಿಮ್ಮರಾಯಪ್ಪನವರನ್ನೇ ನೋಡಿ, "ನಮಸ್ಕಾರ ಸಾರ್" ಅಂದ. ಅವರು ತಬ್ಬಿಬ್ಬಾಗಿ, ಶುಗರ್ ಇರುವುದರಿಂದ ವಾಕಿಂಗ್ ಬಂದೆ ಎಂದರು.

ಅವರಿಗೆ ಶುಗರ್ ಇರಲಿಲ್ಲ.

ಮೂರನೆಯ ದಿನ ಮನೆಯ ಹಿಂದೆಯೇ ಟೇಪು ಬಿಚ್ಚಿಕೊಂಡಿತು. ಬಚ್ಚಲಿನ ಕಿಟಕಿಯಿಂದ ಅವರು ನೋಡಿದರು: ಗಿರ್ಮಾ ಕಾಲುವೆಯ ಆಚೆ ದಡದಲ್ಲಿ ಕಲ್ಲಿಟ್ಟು ಟೇಪಿನ ತುದಿ ಒತ್ತಿ, ಈಚೆಗೆ ಬಂದು ಅವರ ಕಾಂಪೌಂಡಿಗೆ ಹಿಡಿದ. ಬರೆದುಕೊಂಡ. ಇನ್ನೊಮ್ಮೆ ಅಳೆದ.

ನಾಲ್ಕಕ್ಕೆ ಅವನು ಮತ್ತೆ ಹೊರಗೆ ಹೋದದ್ದೇ ತಡ, ತಿಮ್ಮರಾಯಪ್ಪನವರು ತಮ್ಮ ಹತ್ತಿರ ಉಳಿಸಿಕೊಂಡಿದ್ದ ಇನ್ನೊಂದು ಬೀಗದಕೈ ತೆಗೆದುಕೊಂಡು ಮೇಲೆ ಹೋದರು. ಹಾಲಿನ ಗೋಡೆಯ ತುಂಬ ಕಾಗದಗಳನ್ನು ಅಂಟಿಸಲಾಗಿತ್ತು. ಇಡೀ ಸಾರಕ್ಕಿ ಅಲ್ಲಿತ್ತು. ಕೆರೆ, ಸಿಗ್ನಲ್ಲು, ದೇವಸ್ಥಾನ, ಮಾರ್ಕೆಟ್ಟಿನ ಸಾಲುಗಳು, ಒಂದೊಂದು ಮರ. ಪಕ್ಕದಲ್ಲಿ ಮಗುವಿನ ಬರವಣಿಗೆಯಂಥ ಕನ್ನಡ, ಅದರ ಕೆಳಗೆ ಅವನ ಭಾಷೆಯ ಅಕ್ಷರಗಳು. ತಮ್ಮ ಮನೆಯನ್ನು ಹುಡುಕಿದರು. ಸಿಕ್ಕಿತು. ಹಿಂಭಾಗದಲ್ಲಿ, ಶೀಟಿನ ಕೋಣೆಗಳ ನಡುವೆಯೇ, ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ ಹಾದುಹೋಗಿತ್ತು.

ಆ ಒಂದು ಹಾಳೆಯನ್ನು ಕಿತ್ತು ಮಡಚಿ ಬನಿಯನ್ನಿನೊಳಗೆ ಇಟ್ಟುಕೊಂಡು ಇಳಿದರು.

ಸಂಜೆ ಗಿರ್ಮಾ ಕೆಳಗೆ ಬಂದ. "ಸಾರ್, ನನ್ನ ಕಾಗದ ಒಂದು ಇಲ್ಲ."

"ಗಾಳೀಗ್ ಹಾರೋಯ್ತೇನೋ."

"ಕಿಟಕಿ ಮುಚ್ಚಿತ್ತು," ಎಂದ ಗಿರ್ಮಾ. ಮಾರನೆಯ ದಿನ ಮೇಲಿನ ಬಾಗಿಲಿಗೆ ಹೊಸ ಬೀಗ ಬಿತ್ತು. ಮರಿಯಮ್ಮನಿಗೆಂದು ದಿನಾ ಕೆಳಗೆ ಬರುತ್ತಿದ್ದ ಕಾಫಿಯ ಬಟ್ಟಲು ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ಹಿರುತ್ ಕೂಡ ತಲೆ ತಗ್ಗಿಸಿ ಹೋಗುತ್ತಿದ್ದಳು. ಎರಡು ವಾರ ಹೀಗೇ ಕಳೆಯಿತು.

ಬೀರು ಒರೆಸುವಾಗ ಹಾಳೆ ಸಿಕ್ಕಿದ್ದು ಮರಿಯಮ್ಮನಿಗೆ. "ಇದೇನು ಕದ್ದು ಮಡಗಿದೀರಾ?"

"ನಮ್ಮನೆ ಅಳತೆ ಕಣೇ ಅದು. ಯಾರೋ ಅವ್ನ ಕೈಲಿ ಮಾಡಿಸ್ತಾ ಅವ್ರೆ."

"ಮಾಡಿಸೋರು ಆಫ್ರಿಕಾದಿಂದ ಜನ ಕರೆಸ್ಬೇಕಾ? ಹೋಗಿ ಕೊಟ್ಬಿಟ್ಟು, ಬಾಯಿಬಿಟ್ಟು ಕೇಳಿ. ಕೊಡಲ್ಲಾಂದ್ರೆ ನಾನೇ ಕೊಡ್ತೀನಿ, ಎಲ್ಲಿ ಸಿಕ್ತು ಅಂತಾನೂ ಹೇಳ್ತೀನಿ."

ತಿಮ್ಮರಾಯಪ್ಪನವರು ಹತ್ತಿ ಹೋದರು. ಗಿರ್ಮಾ ಹಾಳೆಯನ್ನು ನೋಡಿದ, ಅವರನ್ನು ನೋಡಿದ. ಅಷ್ಟು ತಿಂಗಳಲ್ಲಿ ಬೀದಿಯಲ್ಲಿ ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದ: "ನೀವು ನನ್ನ ಮನೆ ಒಳಗೆ ಬಂದ್ರಿ."

"ನಂದೇ ಮನೆ ಅಲ್ವೇನಪ್ಪಾ."

"ಕಟ್ಟಡ ನಿಮ್ದು. ಮನೆ ನಂದು."

ತಿಮ್ಮರಾಯಪ್ಪನವರು ಹಾಳೆ ಬಿಡಿಸಿ ಹಿಡಿದರು. ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟರು. "ಇದು ಯಾರಿಗೆ?"

"ಯಾರಿಗೂ ಇಲ್ಲ."

"ಯಾರಿಗೂ ಇಲ್ದೆ ಯಾರು ಬರೀತಾರೆ? ನಿಜ ಹೇಳು."

ಗಿರ್ಮಾ ಒಳಗೆ ಹೋಗಿ ಪಾಸ್‌ಪೋರ್ಟ್ ತಂದು ವೀಸಾದ ಪುಟ ತೆರೆದ. ಈ ದೇಶದಲ್ಲಿ ಕೆಲಸ ಮಾಡುವಂತಿಲ್ಲ ಎಂದು ಅದರಲ್ಲೇ ಅಚ್ಚಾಗಿತ್ತು. ಸಂಬಳವಿರುವ ಯಾವ ಕೆಲಸವನ್ನೂ ಅವನು ಮುಟ್ಟುವ ಹಾಗಿರಲಿಲ್ಲ. ಅಡಿಸ್ ಅಬಾಬಾದಲ್ಲಿ ಹದಿನಾಲ್ಕು ವರ್ಷ ನೀರಿನ ಕೊಳವೆಗಳ ನಕ್ಷೆ ಬರೆದವನು ಅವನು. ಇಲ್ಲಿಗೆ ಬಂದ ಮೊದಲ ತಿಂಗಳು ಹೆಂಡತಿ ಹೋದ ಮೇಲೆ ಗೋಡೆ ನೋಡುತ್ತ ಕೂತಿದ್ದನಂತೆ. ಎರಡನೆಯ ತಿಂಗಳು ಮಧ್ಯಾಹ್ನವೂ ಮಲಗತೊಡಗಿದ. ಒಂದು ದಿನ ಹಿರುತ್ ಸಂಜೆ ಬಂದಾಗಲೂ ಎದ್ದಿರಲಿಲ್ಲ. ಅವಳು ಅತ್ತಳು.

"ಆಮೇಲೆ ಪೆನ್ಸಿಲ್ ತಗೊಂಡೆ," ಎಂದ. "ನಿಮ್ಮ ಅಕ್ಷರ ನಮ್ಮ ಅಕ್ಷರದ ಹಾಗೇ ಇದೆ ಸಾರ್. ಒಂದೇ ಅಕ್ಷರ, ಸ್ವಲ್ಪ ಸ್ವಲ್ಪ ಬಾಗತ್ತೆ. ಕ, ಕಾ, ಕಿ."

"ಅದಿರ್ಲಿ. ನನ್ನ ಗೋಡೆ ಯಾಕೆ ಅಳ್ದೆ?"

"ಈ ಚುಕ್ಕಿ ಗೆರೆ ಹಳೇ ದಡ. ನಿಮ್ಮನೆಗಿಂತ ಮೊದಲು ಕಾಲುವೆ ಹದಿನೆಂಟು ಅಡಿ. ನಿಮ್ಮನೆ ಹಿಂದೆ ಹತ್ತು. ಮತ್ತೆ ಮುಂದೆ ಹದಿನೆಂಟು. ದೊಡ್ಡ ಮಳೆ ಬಂದ್ರೆ ನೀರು ಎಲ್ಲಿ ಹೋಗತ್ತೆ? ಸೌಮ್ಯ ಅಕ್ಕ ಅಲ್ಲಿ ಕೂತಿರ್ತಾರೆ."

ತಿಮ್ಮರಾಯಪ್ಪನವರು ಇಳಿದು ಬಂದರು. ಪಾಸ್‌ಪೋರ್ಟ್ ನಿಜವಿರಬಹುದು, ಆದರೆ ಮನುಷ್ಯನನ್ನು ನಂಬಲು ಅವರಿಗೆ ಮನಸ್ಸಾಗಲಿಲ್ಲ. ಕಾಲುವೆಯ ಅಗಲವನ್ನು ಅಷ್ಟು ಸರಿಯಾಗಿ ಹೇಳುವವನಿಗೆ ಯಾವುದೋ ಕಚೇರಿಯ ಕಾಗದ ನೋಡಿ ಗೊತ್ತಿರಬೇಕು ಎಂದೇ ಅವರ ಲೆಕ್ಕ.

ಅಕ್ಟೋಬರಿನ ಒಂದು ಸಂಜೆ ಐದು ಗಂಟೆಗೆ ಶುರುವಾದ ಮಳೆ ಆರೂವರೆಗೆ ಕಾಲುವೆಯನ್ನು ತುಂಬಿಸಿತು. ಸೌಮ್ಯ ಕೂಗಿಕೊಂಡಾಗ ತಿಮ್ಮರಾಯಪ್ಪನವರು ಓಡಿದರು. ಶೀಟಿನ ಕೋಣೆಯಲ್ಲಿ ಮೊಣಕಾಲುದ್ದ ಕಪ್ಪು ನೀರು, ಹೊಲಿಗೆ ಯಂತ್ರದ ಪೆಡಲು ಮುಳುಗಿತ್ತು. ಮದುವೆಗೆಂದು ಬಂದಿದ್ದ ರವಿಕೆ ಬಟ್ಟೆಗಳು ತೇಲುತ್ತಿದ್ದವು. ಅವರು ಯಂತ್ರ ಎತ್ತಲು ಹೋಗಿ ಜಾರಿದರು. ಯಾರೋ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಗಿರ್ಮಾ. ಇಬ್ಬರೂ ಸೇರಿ ಯಂತ್ರವನ್ನು ಮೆಟ್ಟಿಲ ಮೇಲೆ ತಂದಿಟ್ಟರು. ಗೋಡೆಯ ಒಂದು ಮೂಲೆ ಅವರ ಕಣ್ಣ ಮುಂದೆಯೇ ಕುಸಿದು ನೀರಿಗೆ ಬಿತ್ತು. 'ನಾನು ಹೇಳಿರಲಿಲ್ಲವೇ' ಎಂಬ ಮಾತು ಬರುತ್ತದೆಂದು ತಿಮ್ಮರಾಯಪ್ಪನವರು ಕಾದರು. ಗಿರ್ಮಾ ಒದ್ದೆ ಬಟ್ಟೆ ಹಿಂಡುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಅವರೇ ಆಳು ಕರೆಸಿ ಎರಡೂ ಕೋಣೆ ತೆಗೆಸಿದರು, ಕಾಂಪೌಂಡನ್ನು ಎಂಟಡಿ ಹಿಂದಕ್ಕೆ ತಂದರು. ಸೌಮ್ಯಳಿಗೆ ಮುಂದಿನ ಕಾರ್ ಶೆಡ್ಡು ಸಿಕ್ಕಿತು. ಬೀದಿಗೆ ಈಗ ಹೊಸ ಅನುಮಾನ ಹುಟ್ಟಿತು. "ಸುಮ್ನೆ ಯಾರಾದ್ರೂ ಸ್ವಂತ ಗೋಡೆ ಒಡೀತಾರಾ ಗುರು? ಮೇಲ್ಮನೆಯವ್ನು ಏನೋ ಒಳಗಿನ ಸುದ್ದಿ ಕೊಟ್ಟಿರ್ಬೇಕು," ಎಂದು ಶಿವರಾಮ್ ಬಂದವರಿಗೆಲ್ಲ ಹೇಳಿದ. ಮೂರು ಮನೆಯವರು ಗಿರ್ಮಾನನ್ನು ಕಂಡರೆ ಗೇಟು ಹಾಕಿಕೊಳ್ಳತೊಡಗಿದರು.

ಈಗ ಹತ್ತು ಗಂಟೆಗೆ ಇಬ್ಬರು ಹೊರಡುತ್ತಾರೆ. ಬಡಾವಣೆಯಾಗುವ ಮೊದಲು ಸಾರಕ್ಕಿಯಲ್ಲಿ ಯಾವ ಹೊಲಕ್ಕೆ ಏನು ಹೆಸರಿತ್ತು ಎಂದು ತಿಮ್ಮರಾಯಪ್ಪನವರು ತೋರಿಸುತ್ತ ಹೋಗುತ್ತಾರೆ, ಗಿರ್ಮಾ ಬರೆಯುತ್ತಾನೆ. ತಾವು ಹೇಳಿದ್ದಕ್ಕೆಲ್ಲ ಪಕ್ಕದಲ್ಲಿ ಅವನು ಒಂದು ಪ್ರಶ್ನೆಯ ಚಿಹ್ನೆ ಹಾಕುವುದನ್ನು ಅವರು ಮೊನ್ನೆ ಕಂಡುಹಿಡಿದರು.

"ಏನಯ್ಯಾ, ನಾನ್ ಸುಳ್ಳು ಹೇಳ್ತೀನಾ?"

"ಇಲ್ಲ ಸಾರ್. ಇನ್ನೊಬ್ರೂ ಅದೇ ಹೇಳಿದ್ರೆ ತೆಗೀತೀನಿ. ಆಫೀಸಲ್ಲೂ ಹಂಗೇ ಮಾಡ್ತಿದ್ದೆ."

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವನನ್ನು ಹೊಸಕೆರೆಹಳ್ಳಿಗೆ ಬಸ್ ಹತ್ತಿಸಿದರು. ಅಲ್ಲಿ ಮಗಳ ಮನೆಯಲ್ಲಿರುವ ಪಾಪಯ್ಯ ಎಂಬತ್ತಾರು ವರ್ಷದವರು, ಸಾರಕ್ಕಿಯಲ್ಲೇ ಹುಟ್ಟಿ ಉತ್ತು ಬಿತ್ತಿದವರು. ಸಿಗ್ನಲ್ಲಿನ ಪಕ್ಕದ ಹೊಲದ ಹೆಸರೇನು ಎಂದು ಗಿರ್ಮಾ ಕೇಳಿದ. ತಿಮ್ಮರಾಯಪ್ಪನವರು ಅದನ್ನು ಹುಣಸೇಮರದ ಹೊಲ ಎಂದು ಬರೆಸಿದ್ದರು.

ಪಾಪಯ್ಯ ಕಿವಿ ಹತ್ತಿರ ತಂದು ಕೇಳಿಸಿಕೊಂಡು, ಇವರಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಮೊದ್ಲು ಇದನ್ ಹೇಳಿ," ಎಂದರು. "ಆ ಹೊಲ ನಿಮಗ್ಯಾಕೆ ಬೇಕು?"