ಮಾವನ ಕಾಲು, ಸೊಸೆಯ ಸಹಿ

ನಾವು ವಿಜಯಪುರದಲ್ಲಿದ್ದಾಗ ಪಕ್ಕದ ಮನೆಯಾಕೆ ದಿನಾ ಬೆಳಿಗ್ಗೆ ಎರಡು ಅಂಗಿ ಹಿಡಿದು, "ಯಾವ್ದು ಹಾಕ್ಕೋತೀರ, ಮಾವ?" ಎನ್ನುತ್ತಿದ್ದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಲಕ್ವ ಹೊಡೆದು ಮಾವನ ಮಾತು ನಿಂತಿತ್ತು, ನೆನಪೂ ಮಸುಕಾಗಿತ್ತು. ಗಂಡ ತೀರಿಕೊಂಡಿದ್ದರಿಂದ ಕೋರ್ಟು ಆಕೆಯನ್ನೇ ಮಾವನ ಪಾಲಕಿಯನ್ನಾಗಿ ನೇಮಿಸಿ, ಎಲ್ಲ ತೀರ್ಮಾನವನ್ನೂ ಆಕೆಗೆ ಬಿಟ್ಟಿತ್ತು. ಆದರೂ ಸಾರಿಗೆ ಸೊಪ್ಪೋ ಕಾಳೋ ಎಂದು ಆಕೆ ಕೇಳುವರು, ಮಾವ ಕಣ್ಣಲ್ಲೇ ತೋರಿಸುವರು.

ಸಕ್ಕರೆ ಕಾಯಿಲೆಯಿಂದ ಮಾವನ ಕಾಲು ಕೊಳೆಯತೊಡಗಿದಾಗ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ.

"ಕಾಲು ತೆಗೀದಿದ್ರೆ ಜೀವಕ್ಕೇ ಅಪಾಯ. ಗಾರ್ಡಿಯನ್ ನೀವೇ ತಾನೆ? ಸಹಿ ಹಾಕಿ," ಎಂದರು ಡಾಕ್ಟರು.

"ಸಹಿ ನಂದು ಸಾರ್, ಕಾಲು ಅವರ್ದಲ್ವಾ? ಒಂದ್ಮಾತು ಕೇಳ್ತೀನಿ," ಎಂದರು ಆಕೆ.

ಮಂಚದ ಪಕ್ಕ ಕೂತು ನಿಧಾನವಾಗಿ ಎಲ್ಲವನ್ನೂ ಹೇಳಿದರು. ಮಾವ ಮುಖ ತಿರುಗಿಸಿದರು. ಆಕೆ ಕಾದರು, ಮತ್ತೆ ಹೇಳಿದರು. ಬಹಳ ಹೊತ್ತಿನ ಮೇಲೆ ಮಾವ ಆಕೆಯ ಕೈ ಎಳೆದು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು, ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆಯೇ ಆಕೆ ಸಹಿ ಹಾಕಿದ್ದು.

ಮಾವ ಬದುಕಿಕೊಂಡರು. ಎಚ್ಚರವಾದಾಗ ಹೊದಿಕೆ ಸರಿಸಿ ನೋಡಿ, ಮಗುವಿನಂತೆ ಅತ್ತರು. ಆಕೆ ಸಮಾಧಾನ ಹೇಳಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಅವರ ಜೊತೆ ತಾವೂ ಅತ್ತರು.