ಅತ್ತೆಯ ಈಳಿಗೆ, ವರ್ಷತೊಡಕಿನ ಬಾಡು

ನಾನು ಮದುವೆಯಾಗಿ ಮೈಸೂರಿಗೆ ಬಂದ ಕಾಲಕ್ಕೆ ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಸರ್ಕಾರ ಎಂದರೆ ಅತ್ತೆ, ಕಾಯಿದೆ ಎಂದರೆ ಈಳಿಗೆಮಣೆಯ ಕಾಯಿದೆ. ದೇಶಕ್ಕೆ ಹೊಸದಾಗಿ ಸಂವಿಧಾನ ಬಂದಿತ್ತು. ನಮ್ಮ ಅಡುಗೆಮನೆಗೆ ಅದಿನ್ನೂ ತಲುಪಿರಲಿಲ್ಲ. ಈಳಿಗೆಯ ಮುಂದೆ ಕೂತವರನ್ನು ಮಾತಾಡಿಸಬಾರದು. ಅದನ್ನು ದಾಟಬಾರದು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ನೆಲಕ್ಕಿಟ್ಟರೆ ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರಿಗೂ ಜಗಳ ಹತ್ತುತ್ತದಂತೆ. ಎಲ್ಲಕ್ಕಿಂತ ದೊಡ್ಡ ಕಾಯಿದೆ, ಏಳುವ ಮೊದಲು ಈಳಿಗೆಯನ್ನು ಪಕ್ಕಕ್ಕೆ ಮಲಗಿಸಬೇಕು. ಬಂದ ಹೊಸದರಲ್ಲಿ ಬಳೆಯವಳು ಕೂಗಿದಳೆಂದು ನಾನು ಅಲಗು ನಿಲ್ಲಿಸಿಯೇ ಬೀದಿಬಾಗಿಲಿಗೆ ಓಡಿದ್ದೆ. ಅಲ್ಲಿಂದ ನನ್ನ ಪಾಲಿಗೆ ಬರೀ ಸೊಪ್ಪು ಬಿಡಿಸುವ ಕೆಲಸ.

ಯುಗಾದಿಯ ಮರುದಿನ ವರ್ಷತೊಡಕು. ಹಬ್ಬದ ದಿನ ಒಬ್ಬಟ್ಟು ತಿಂದು ಸಾಧುಗಳಾಗಿದ್ದ ಗಂಡಸರೆಲ್ಲ ಬೆಳಗಾಗುವ ಮೊದಲೇ ಎದ್ದು ಮಚ್ಚು ಮಸೆಯುತ್ತಿದ್ದರು. ದಟ್ಟಗಳ್ಳಿ ಆಗಿನ್ನೂ ಹಳ್ಳಿ. ಟಗರು ಅಲ್ಲಿಂದ ಬರುತ್ತಿತ್ತು. ಬೀದಿಯ ಕೆಲವು ಮನೆಯವರು ಸೇರಿ ನಮ್ಮ ಹಿತ್ತಲಲ್ಲೇ ಕುಯ್ದು, ಮುತ್ತುಗದ ಎಲೆಯ ಮೇಲೆ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ಮೂಳೆ ಗಂಡಸರ ಮಚ್ಚಿಗೆ, ಮೆತ್ತನೆಯ ಬಾಡು ಅತ್ತೆಯ ಈಳಿಗೆಗೆ. ಅವರ ದೊಡ್ಡ ಮಗ, ಅಂದರೆ ನಮ್ಮ ಭಾವನವರು, ತುಂಡು ನೋಡಿಯೇ ಅವ್ವ ಹೆಚ್ಚಿದ್ದೋ ಅಲ್ಲವೋ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದರು.

ಅಂಥ ಒಂದು ವರ್ಷತೊಡಕಿನ ದಿನ ನಾನು ಈರುಳ್ಳಿ ಸುಲಿಯುತ್ತ ಕೂತಿದ್ದೆ. ಬಾಡು ಹೆಚ್ಚುತ್ತಿದ್ದ ಅತ್ತೆ ನೀರು ಕುಡಿಯಲು ಎದ್ದು ಹೋದರು. ನೋಡಿದರೆ ಈಳಿಗೆ ನಿಂತೇ ಇದೆ! ಹಿತ್ತಲಿನಿಂದ ಗಂಡಸರು ಪಾತ್ರೆ ಹೊತ್ತು ಬರುವ ದಾರಿ ಅದು. ಥಟ್ಟನೆ ಎದ್ದು ಮಲಗಿಸಿದೆ. ಕಾಯಿದೆ ಮಾಡಿದವರೇ ಸಿಕ್ಕಿಬಿದ್ದರಲ್ಲ ಎಂದು ಒಳಗೊಳಗೇ ನಗು ಬಂತು.

ಅತ್ತೆ ಮರಳಿ ಬಂದು ಕೂತು, ಅಲಗು ಎಲ್ಲಿದೆಯೆಂದು ಮೆಲ್ಲಗೆ ಕೈಯಾಡಿಸಿ ಹುಡುಕಿದರು. ಎಡಗೈ ಹೆಬ್ಬೆರಳ ತುಂಬ ಗೀರು, ಗೀರಿನ ತುಂಬ ಅರಿಶಿನ. ನನ್ನ ನಗು ಅಲ್ಲೇ ನಿಂತಿತು.

"ಮಲಗ್ಸಿದ್ದು ನೀನಾ?" ಎಂದು ಕೇಳಿದರು.

ನಾನು ತಲೆಯಾಡಿಸಿದೆ. ಅವರು ನನ್ನ ಮುಖದ ಕಡೆಗೇ ತಿರುಗಿ ಉತ್ತರಕ್ಕೆ ಕಾಯುತ್ತಲೇ ಇದ್ದರು. ಬಾಯಿಬಿಟ್ಟು ಹೂಂ ಅನ್ನಬೇಕಾಯಿತು.

"ಯಾರ್ಗೂ ಹೇಳ್ಬೇಡ ಕಣಮ್ಮಿ. ಗೊತ್ತಾದ್ರೆ ನನ್ನ ಮೂಲೇಲಿ ಕೂರಿಸ್ಬುಡ್ತಾರೆ."

ಅಷ್ಟು ದಿನ ಅವರನ್ನು ಕಂಡರೆ ನಾನು ಹೆದರುತ್ತಿದ್ದೆ. ಈಗ ಅವರೇ ನನಗೆ ಹೆದರಿದ್ದರು. ಹೇಳುವುದಿಲ್ಲ, ಆದರೆ ಇವತ್ತು ಅಲಗಿನ ಮುಂದೆ ನಾನು ಕೂರುತ್ತೇನೆ ಎಂದೆ. ಗೊಣಗುತ್ತ ಜರುಗಿ ಜಾಗ ಕೊಟ್ಟರು. ಕೊಟ್ಟವರು ಸುಮ್ಮನಿದ್ದರೇ? ಕಾಲ್ಬೆರಳು ಹಿಂದಕ್ಕಿಡು, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿ, ಅಲಗಿಗೆ ಬಾಡು ಕೊಡು, ಬೆರಳು ಕೊಡಬೇಡ. ಜಾರಿದರೆ ಹಿಡಿಯಲು ಹೋಗಬೇಡ, ಬೀಳಲಿ, ತೊಳೆದುಕೊಂಡರಾಯಿತು. ನಾನು ಹಾಕಿದ ತುಂಡುಗಳನ್ನು ಪಾತ್ರೆಯಲ್ಲಿ ತಡವಿ ನೋಡಿ, ಇದು ದಪ್ಪವಾಯಿತು, ಇದು ನಿಮ್ಮಪ್ಪನ ಮನೆ ಅಳತೆ ಎಂದು ಆಡಿಕೊಂಡರು. ಬೈಸಿಕೊಂಡು ಬೈಸಿಕೊಂಡು ಬೆವೆತುಹೋದೆ. ಆದರೂ ಅಷ್ಟು ಖುಷಿಯಾಗಿ ಆ ಮನೆಯಲ್ಲಿ ನಾನು ಅದುವರೆಗೆ ಕೆಲಸ ಮಾಡಿರಲಿಲ್ಲ.

ಮಧ್ಯಾಹ್ನ ಗಂಡಸರು ಸಾಲಾಗಿ ಊಟಕ್ಕೆ ಕೂತರು. ಭಾವನವರು ಮುದ್ದೆ ಮುರಿದು ಸಾರಿಗದ್ದಿ, ಒಂದು ತುಂಡನ್ನು ಎತ್ತಿ ಹಿಡಿದು, ಅವ್ವನ ಕೈ ಅಂದರೆ ಇದು, ಬೇರೆಯವರಿಂದ ಆಗುವ ಮಾತಲ್ಲ ಎಂದು ತೀರ್ಪು ಕೊಟ್ಟರು. ನನ್ನ ಗಂಡನೂ ತಲೆದೂಗಿದರು. ನಾನು ಸೌಟು ಹಿಡಿದು ಗಂಭೀರವಾಗಿ ನಿಂತಿದ್ದೆ. ಮಾತು ಅಲ್ಲಿಗೇ ನಿಂತಿದ್ದರೆ ಅತ್ತೆಯ ಗುಟ್ಟು ಇನ್ನೂ ಸ್ವಲ್ಪ ಕಾಲ ಉಳಿಯುತ್ತಿತ್ತು.

ಬಾಗಿಲ ಪಕ್ಕದಲ್ಲಿ ಕೂತಿದ್ದ ಅತ್ತೆ, "ಕುಯ್ದೋಳು ಇವ್ಳು ಕಣ್ರೋ," ಎಂದರು. "ನನ್ನ ಕಣ್ಣು ಮಂಜಾಗಿ ವರ್ಷ ಆಯ್ತು."

ಮುದ್ದೆ ಹಿಡಿದ ಕೈಗಳೆಲ್ಲ ಹಾಗೇ ನಿಂತವು. ಅತ್ತೆ ಅದನ್ನು ಲೆಕ್ಕಕ್ಕಿಡದೆ ನನ್ನ ಕಡೆ ತಿರುಗಿದರು.

"ಯಾರ ತಟ್ಟೇಲಿ ಸಾರಿಲ್ಲ, ನೋಡಿ ಹೇಳಮ್ಮಿ ನಂಗೆ."